ಎರಿನ್ಮಾಳ ತಾಯಿ

ಬಾಣಂತನಕ್ಕೆಂದು ಮಗಳು ತವರಿಗೆ ಹೋಗುವ ಊರುಗಳೂ ಇವೆಯಂತೆ. ನಮ್ಮ ಇಗ್ಬೊ ಜನರಲ್ಲಿ ಹಾಗಲ್ಲ, ತವರೇ ಮಗಳ ಮನೆಗೆ ಬರುತ್ತದೆ. ಹೆರಿಗೆಯಾದ ಸುದ್ದಿ ತಲುಪಿದ್ದೇ ತಡ, ಹುಡುಗಿಯ ತಾಯಿ ಒಣಮೀನು, ಕಾಡುಮೆಣಸು, ಹೆಗ್ಗೆಣಸು, ತಾಳೆ ಎಣ್ಣೆಯ ಬುರುಡೆ ಎಲ್ಲವನ್ನೂ ಹೆಡಿಗೆಗೆ ತುಂಬಿ ತಲೆಯ ಮೇಲೆ ಹೊತ್ತು ಬೀಗರ ಮನೆಗೆ ಬಂದಿಳಿಯುತ್ತಾಳೆ. ಬಂದವಳು ಮೊದಲು ಹಿಡಿಯುವುದು ಅಡುಗೆಮನೆಯನ್ನು. ಅಲ್ಲಿಯವರೆಗೆ ಒಲೆಯ ಮುಂದೆ ಮೆರೆದ ಅತ್ತೆ ಹಿತ್ತಲ ಬಾಗಿಲಲ್ಲಿ ಕೂತು ಕಾಳು ಸುಲಿಯಬೇಕು, ಕೂಗಿದಾಗ ನೀರು ತಂದುಕೊಡಬೇಕು. ಇದಕ್ಕೆ ಒಮುಗ್ವೊ ಎನ್ನುತ್ತೇವೆ. ನಾನೂ ನನ್ನ ಮಗಳ ಮನೆಯಲ್ಲಿ ಒಮ್ಮೆ ಹೀಗೆ ಮೆರೆದು ಬಂದವಳೇ. ಹಾಗಾಗಿ ನನ್ನ ಸರದಿ ಬಂದಾಗ ಗೊಣಗುವ ಹಾಗಿರಲಿಲ್ಲ. ಆದರೂ ಗೊಣಗಿದೆ.

ನನ್ನ ಸೊಸೆ ಉಗೊಯೆ ಹೆತ್ತಾಗ ಬಂದವಳು ಅವಳ ತಾಯಿಯಲ್ಲ, ಅಜ್ಜಿ ಒಬಿದಿಯಾ. ತಾಯಿ ಎರಿನ್ಮಾ ಉಗೊಯೆಯನ್ನು ಹೆತ್ತ ದಿನವೇ ತೀರಿಕೊಂಡಿದ್ದಳು. ಒಬಿದಿಯಾಳಿಗೆ ಇದ್ದದ್ದು ಅವಳೊಬ್ಬಳೇ ಮಗಳು. ಮಗಳನ್ನು ಮಣ್ಣಿಗಿಟ್ಟು ಬಂದವಳು, ಉಳಿದ ಕೂಸನ್ನು ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಸಂತೆ ಸಂತೆಯಲ್ಲಿ ಎಣ್ಣೆ ಮಾರಿ ಸಾಕಿದಳು. ಮಕ್ಕಳಾದ ಹೆಂಗಸನ್ನು ನಮ್ಮಲ್ಲಿ ಯಾರೂ ಅವಳ ಹೆಸರು ಹಿಡಿದು ಕರೆಯುವುದಿಲ್ಲ. ನಾನು ಉಜೊಂಡುವಿನ ತಾಯಿ. ಅವಳು ಎರಿನ್ಮಾಳ ತಾಯಿ. ಮಗಳು ಹೋದ ಮೇಲೂ ಊರು ಅವಳನ್ನು ಹಾಗೆಯೇ ಕರೆಯುತ್ತಿತ್ತು, ಅವಳೂ ಹಾಗೆ ಕರೆದರೆ ಮಾತ್ರ ತಿರುಗಿ ನೋಡುತ್ತಿದ್ದಳು. ಉಗೊಯೆ ಚಿಕ್ಕವಳಿದ್ದಾಗ ಒಮ್ಮೆ ಅಮ್ಮ ಅಂದಳಂತೆ. ಒಬಿದಿಯಾ ಅವಳ ಬಾಯಿಗೆ ಕೈಯಿಟ್ಟು, ಆ ಮಾತು ಬೇರೆಯವಳದ್ದು, ನನ್ನನ್ನು ಅಜ್ಜಿ ಅನ್ನು ಎಂದು ತಿದ್ದಿದಳಂತೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಎಲ್ಲ ಕಡೆಯೂ ಬುದ್ಧಿ ಹೇಳುತ್ತಾರೆ. ನಮ್ಮ ಕಡೆ ಅದು ಬುದ್ಧಿಮಾತಲ್ಲ, ದಿನವೂ ಆಗುವ ಸಂಗತಿ. ತೀರಿಹೋದ ಹೆಂಗಸೊಬ್ಬಳ ಬದುಕನ್ನು ಹುಟ್ಟಿನಿಂದ ಸಾವಿನವರೆಗೆ ಕೂತು ಹೇಳಿದರೆ ಅದು ಹೇಳಿದವಳನ್ನು ಬಿಟ್ಟು ಕೇಳಿದವಳಿಗೆ ಹೋಗುತ್ತದೆ. ಹೇಳಿದವಳಿಗೆ ಆ ಹೆಂಗಸು ತನ್ನವಳಾಗಿದ್ದಳೆಂಬುದೂ ಉಳಿಯುವುದಿಲ್ಲ, ತಾನು ಹೇಳಿದೆನೆಂಬುದೂ ಉಳಿಯುವುದಿಲ್ಲ. ಆಮೆಯ ಕಥೆ ಹೀಗಲ್ಲ. ಆಮೆಯ ಕಥೆಯನ್ನು ಸಾವಿರ ಸಲ ಹೇಳಿ, ಆಮೆ ಎಲ್ಲಿಗೂ ಹೋಗುವುದಿಲ್ಲ. ಗಂಡಸರ ಕಥೆಯೂ ಹೀಗಲ್ಲ. ಅವರದ್ದನ್ನು ನಗಾರಿ ಬಡಿದು, ಮುಖವಾಡ ತೊಟ್ಟು, ಊರ ಬಯಲಲ್ಲಿ ಕುಣಿದು ಹೇಳುತ್ತಾರೆ, ಎಲ್ಲರಿಗೂ ಗೊತ್ತಿರುತ್ತದೆ. ಅದಕ್ಕೇ ಇರಬೇಕು, ಯಾರೂ ಕಿವಿಗೊಟ್ಟು ಕೇಳುವುದಿಲ್ಲ.

ಹೆಂಗಸರ ಕಥೆಯನ್ನು ಬಾಗಿಲು ಹಾಕಿಕೊಂಡು ಒಬ್ಬಳಿಗೆ ಮಾತ್ರ ಹೇಳಬೇಕು. ಇಬ್ಬರು ಕೇಳಿದರೆ ಎರಡಾಗಿ ಒಡೆದು ಹಂಚಿಹೋಗುತ್ತದೆ. ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಬ್ಬಳು ತನ್ನ ತಾಯಿಯ ಕಥೆಯನ್ನು ಮಗಳಿಗೆ ಹೇಳುವಾಗ ಮೇಲೆ ತಾಳೆಮರದಲ್ಲಿ ಹೆಂಡ ಇಳಿಸುವವನು ಕೂತಿದ್ದನ್ನು ನೋಡಿಕೊಳ್ಳಲಿಲ್ಲ. ಅರ್ಧ ಮಗಳಿಗೆ ಹೋಯಿತು, ಅರ್ಧ ಅವನಿಗೆ. ಆವತ್ತಿನಿಂದ ಆ ಮನುಷ್ಯನಿಗೆ ಮೂರು ಹೆರಿಗೆಯ ನೋವು, ಒಬ್ಬ ಸವತಿಯ ಕಾಟ ಎಲ್ಲ ಗೊತ್ತು. ಹೆಂಡತಿಯ ಮೇಲೆ ಕೈ ಎತ್ತುವುದನ್ನು ಬಿಟ್ಟ. ಹೆಂಗಸರ ಸಭೆ ಸೇರಿದಾಗ ಹಿಂದಿನ ಸಾಲಿನಲ್ಲಿ ಬಂದು ಕೂರುತ್ತಾನೆ, ಯಾರೂ ಎಬ್ಬಿಸುವುದಿಲ್ಲ. ಅವನಿಂದಾಗಿ ಈಗ ಕಥೆ ಹೇಳುವ ಮನೆಯ ಹೊರಗೆ ಒಬ್ಬಳು ಕೂತು ಖಾಲಿ ಒರಳನ್ನು ಕುಟ್ಟಬೇಕೆಂಬ ಕಟ್ಟಳೆ ಬಂದಿದೆ. ಒರಳಿನ ಸದ್ದಿನಲ್ಲಿ ಒಳಗಿನ ಮಾತು ಯಾರ ಕಿವಿಗೂ ಬೀಳುವುದಿಲ್ಲ. ದೂರದಿಂದ ಬಂದವರು, ಈ ಕಡೆಯ ಹೆಂಗಸರಿಗೆ ಏನೂ ಇಲ್ಲದ ಒರಳು ಕುಟ್ಟುವ ಹುಚ್ಚು ಎಂದು ನಗುತ್ತಾರಂತೆ. ನಗಲಿ.

ಒಮುಗ್ವೊಗೆ ಬಂದ ತಾಯಿ, ಮಗುವಿಗೆ ಹೆಸರಿಡುವ ಮುಂಚೆ, ಬಾಣಂತಿಗೆ ತನ್ನ ತಾಯಿಯ ಕಥೆಯನ್ನು ಕೊಟ್ಟುಬಿಡಬೇಕು. ನಾನೂ ಕೊಟ್ಟಿದ್ದೇನಂತೆ. ನನಗೆ ತಾಯಿಯೇ ಇರಲಿಲ್ಲವೇನೋ ಅನ್ನಿಸುತ್ತದೆ, ಆದರೆ ಅದರಿಂದ ಏನೂ ತೊಂದರೆಯಿಲ್ಲ. ಒಮ್ಮೊಮ್ಮೆ ನಾನು ಉಪ್ಪು ಹಾಕುವುದನ್ನು ನೋಡಿ ಮಗಳು ನಗುತ್ತಾಳೆ. ಯಾಕೆಂದು ಕೇಳಲು ಹೋಗುವುದಿಲ್ಲ. ಅಷ್ಟು ಹೊತ್ತಿಗೆ ನಾವೇ ತಾಯಂದಿರಾಗಿರುತ್ತೇವೆ, ಮುಂದೆ ನೋಡುವುದಕ್ಕೇ ಪುರುಸೊತ್ತಿರುವುದಿಲ್ಲ. ಆದರೆ ಉಗೊಯೆಯ ವಿಷಯದಲ್ಲಿ ಕಟ್ಟಳೆ ತಲೆಕೆಳಗಾಗಿತ್ತು. ಅವಳಿಗೆ ಸಿಗಬೇಕಾದ ಕಥೆ ಎರಿನ್ಮಾಳದ್ದು. ಅದು ಇದ್ದದ್ದು ಒಬಿದಿಯಾಳ ಹತ್ತಿರ. ಅವಳು ಕೊಡಬೇಕಾದದ್ದು ತಾಯಿಯನ್ನಲ್ಲ, ಮಗಳನ್ನು. ಹಾಗೆ ಕೊಟ್ಟವಳು ನಮ್ಮೂರಲ್ಲಿ ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಒಬಿದಿಯಾ ಬಂದವಳು ಎಲ್ಲವನ್ನೂ ಕ್ರಮವಾಗಿ ಮಾಡಿದಳು. ಸುಳ್ಳು ಯಾಕೆ ಹೇಳಲಿ, ನನಗಿಂತ ಚೆನ್ನಾಗಿ ಮಾಡಿದಳು. ಬೆಳಿಗ್ಗೆ ಬಿಸಿನೀರಲ್ಲಿ ಬಟ್ಟೆ ಅದ್ದಿ ಹಿಂಡಿ ಬಾಣಂತಿಯ ಹೊಟ್ಟೆಯನ್ನು ಒತ್ತುವಳು. ಕಾಡುಮೆಣಸು, ಒಣಮೀನು ಹಾಕಿ ಗೆಣಸಿನ ಸಾರು ಮಾಡಿ, ಬೆವರು ಬರುವವರೆಗೆ ಕುಡಿಸುವಳು. ಮಗುವನ್ನು ಎಣ್ಣೆ ತಿಕ್ಕಿ, ಕಾಲು ಹಿಡಿದು ತೂಗಿ, ಮೇಲೆ ಎಸೆದು ಹಿಡಿಯುವಳು. ಹೆಣ್ಣುಮಗು, ಹೆದರಬೇಡ ಅನ್ನುವಳು. ನಾನು ಅಡುಗೆಮನೆಗೆ ಕಾಲಿಟ್ಟರೆ, "ಕೂತ್ಕೊ ತಂಗಿ, ನಿನ್ನ ಸಾರನ್ನ ಇವಳು ಮುಂದೆ ಜೀವನ ಪೂರ್ತಿ ಕುಡಿಯೋದು ಇದ್ದೇ ಇದೆಯಲ್ಲ," ಎಂದು ನಗುನಗುತ್ತ ಹೊರಗೆ ಕಳಿಸುವಳು. ಕಥೆಯ ವಿಷಯ ಬಂದರೆ ಮಾತ್ರ ಅವಳಿಗೆ ಕೆಲಸ ನೆನಪಾಗುತ್ತಿತ್ತು. ಇವತ್ತು ಎಕೆ ಸಂತೆ, ಒಳ್ಳೆಯದಲ್ಲ. ನಾಳೆ ಒರಿಯೆ, ಎಣ್ಣೆ ಕಾಯಿಸಬೇಕು. ನಾಡಿದ್ದು ಅಫೊ, ಮಗುವಿನ ಹೊಕ್ಕುಳು ಇನ್ನೂ ಒಣಗಿಲ್ಲ. ನಮ್ಮ ವಾರಕ್ಕೆ ಇರುವುದೇ ನಾಲ್ಕು ದಿನ. ನಾಲ್ಕಕ್ಕೂ ಅವಳ ಹತ್ತಿರ ಒಂದೊಂದು ನೆವವಿತ್ತು.

ಉಗೊಯೆ ಮೊದಲು ಸುಮ್ಮನಿದ್ದಳು. ಅವಳು ಹೆಚ್ಚು ಮಾತಿನವಳಲ್ಲ. ಒಂದು ದಿನ ನಾನು ಮಗುವಿನ ಬಟ್ಟೆ ಮಡಿಸುತ್ತಿದ್ದಾಗ ತಾನಾಗಿಯೇ ಬಾಯಿಬಿಟ್ಟಳು.

"ಅತ್ತೆ, ಹೆರೋವಾಗ ನಾನು ಏನಂತ ಕೂಗ್ದೆ?"

"ಎಲ್ಲರೂ ಕೂಗೋದನ್ನೇ ಕೂಗ್ದೆ. ಅಮ್ಮಾ ಅಂದೆ."

"ಎಲ್ಲರಿಗೂ ಕೂಗಿದಾಗ ಒಂದು ಮುಖ ಬರುತ್ತೆ. ನನಗೆ ಯಾವುದೂ ಬರಲಿಲ್ಲ. ಯಾರನ್ನ ಕರೀತಾ ಇದೀನಿ ಅಂತ ಆ ನೋವಲ್ಲೂ ಯೋಚನೆ ಬಂತು."

ಅವಳ ತಾಯಿಯನ್ನು ಕಂಡವರು ತವರೂರಲ್ಲಿ ಇಲ್ಲವೆಂದಲ್ಲ. ಕೇಳಿದರೆ ಹೇಳುತ್ತಾರೆ. ಎತ್ತರಕ್ಕಿದ್ದಳು, ಬೇಗ ನಗುತ್ತಿದ್ದಳು, ಕೆಸುವಿನ ಹೊಲದಲ್ಲಿ ಅವಳ ಸಮಕ್ಕೆ ಯಾರೂ ಕಳೆ ಕೀಳುತ್ತಿರಲಿಲ್ಲ. ಉಗೊಯೆ ಚಿಕ್ಕಂದಿನಿಂದ ಅದನ್ನೆಲ್ಲ ಆಯ್ದು ಇಟ್ಟುಕೊಂಡಿದ್ದಳು. ಆದರೆ ಅದು ಹೊಟ್ಟು, ಕಾಳೆಲ್ಲ ಅಜ್ಜಿಯ ಹತ್ತಿರವಿತ್ತು. ಅಮ್ಮ ಯಾರೆಂದು ತಿಳಿಯದೆ ತಾನು ಈ ಮಗುವಿಗೆ ಅಮ್ಮನಾಗುವುದು ಹೇಗೆ ಎನ್ನುವುದು ಅವಳ ಸಂಕಟ. ಅಜ್ಜಿಗೋ ವಯಸ್ಸಾಗಿತ್ತು. ಹೇಳದೆ ಸತ್ತರೆ ಕಥೆಯೂ ಅವಳ ಜೊತೆ ಮಣ್ಣು ಸೇರುತ್ತದೆ, ಆಮೇಲೆ ಎರಿನ್ಮಾ ಯಾರಿಗೂ ಇಲ್ಲ.

ಹೆಸರಿಡುವ ದಿನ ಹತ್ತಿರ ಬಂದಂತೆ ಮನೆಯಲ್ಲಿ ಮಾತು ಬಿಗಿಯಾಯಿತು. ಹೊಟ್ಟೆ ಒತ್ತುವ ಹೊತ್ತಿನಲ್ಲೇ ಒಂದು ಬೆಳಿಗ್ಗೆ ಇಬ್ಬರಿಗೂ ಹತ್ತಿಕೊಂಡಿತು. ನಾನು ಬಿಸಿನೀರಿನ ಮಡಕೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ.

"ಅಜ್ಜಿ, ನೀನು ಕೊಡಲ್ಲ ಅಂತ ಹೇಳಿಬಿಡು. ನಾಳೆ ನಾಳೆ ಅನ್ನಬೇಡ."

"ಕೊಡಲ್ಲ ಅಂದೆನಾ?"

"ಕೊಡ್ತೀನಿ ಅಂತಲೂ ಅನ್ನಲಿಲ್ಲ. ನಿನ್ನ ಹತ್ತಿರ ಅವಳು ಇಷ್ಟು ವರ್ಷ ಇದ್ದಳು. ಹುಟ್ಟಿದಾಗಿಂದ ಇದ್ದಳು, ಸತ್ತ ಮೇಲೂ ಇದ್ದಳು. ನನಗೆ ಒಂದು ಗಳಿಗೆ ಕೂಡ ಸಿಗಲಿಲ್ಲ."

ಒಬಿದಿಯಾ ಒತ್ತುವುದನ್ನು ನಿಲ್ಲಿಸಿದಳು. "ಎಲ್ಲರೂ ತಾಯೀನ ಕೊಡ್ತಾರೆ. ನಿನ್ನ ಅತ್ತೇನೂ ತಾಯೀನೇ ಕೊಟ್ಟದ್ದು. ನನ್ನೊಬ್ಬಳಿಗೆ ಮಾತ್ರ ಮಗಳನ್ನ ಕೊಡು ಅಂತೀರಿ. ತಾಯಿ ಹೋದರೆ ನಾನು ಒಬ್ಬಳ ಮಗಳಲ್ಲ ಅಷ್ಟೆ. ಎರಿನ್ಮಾ ಹೋದರೆ ನಾನು ಏನು? ಅವಳನ್ನ ಹೊತ್ತದ್ದು ನಾನು, ಹೆತ್ತದ್ದು ನಾನು, ತೊಳೆದು ಮಲಗಿಸಿದ್ದೂ ನಾನೇ. ನನಗೆ ಬೇರೆ ಏನಿದೆ ಹೇಳು."

"ನಾನಿದೀನಲ್ಲ," ಎಂದಳು ಉಗೊಯೆ.

ಒಬಿದಿಯಾ ಬಟ್ಟೆಯನ್ನು ಮುಟ್ಟಿ ನೋಡಿದಳು. ಬಟ್ಟೆ ತಣ್ಣಗಾಗಿದೆ, ನೀರು ಬದಲಾಯಿಸು ತಂಗಿ, ಎಂದು ನನಗೆ ಹೇಳಿದಳು.

ನಾನು ಉಮುಅದಾಗೆ ಹೇಳಿ ಕಳಿಸಿದೆ. ಈ ಕುಲದಲ್ಲಿ ಹುಟ್ಟಿ ಬೇರೆ ಬೇರೆ ಊರಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಕೂಟ ಅದು. ಸಾವಿಗೆ, ಜಗಳಕ್ಕೆ, ನ್ಯಾಯಕ್ಕೆ ಅವರು ಬಂದು ಕೂತರೆ ಎಂಥ ಗಂಡಸೂ ದನಿ ತಗ್ಗಿಸುತ್ತಾನೆ. ಬಂದರು. ನಮ್ಮ ಮನೆಯ ಕೋಳಿ ಎರಡು ಕಡಿಮೆಯಾದವು. ಊಟವಾದ ಮೇಲೆ ಅವರಲ್ಲಿ ಹಿರಿಯಳು ಗಂಟಲು ಸರಿಮಾಡಿಕೊಂಡು, ಕೊಡಲೇಬೇಕು ಅಂತ ಕಟ್ಟಳೆಯಲ್ಲಿ ಇಲ್ಲ, ಕೊಡದೇ ಇರಬಹುದು ಅಂತಲೂ ಇಲ್ಲ ಎಂದಳು. ಅಡ್ಡಗೋಡೆಯ ಮೇಲೆ ದೀಪ ಇಡುವುದಕ್ಕೆ ಅಷ್ಟು ದೂರದಿಂದ ನಡೆದು ಬರಬೇಕಾಗಿರಲಿಲ್ಲ ಎಂದು ನನಗೆ ಹೇಳಬೇಕೆನಿಸಿತ್ತು, ಹೇಳಲಿಲ್ಲ. ಹೋಗುವ ಮುಂಚೆ ಆಕೆ ಒಬಿದಿಯಾಳ ಪಕ್ಕ ಕೂತು, ಗುಟ್ಟಿನಂತಲ್ಲದೆ ಎಲ್ಲರಿಗೂ ಕೇಳುವ ಹಾಗೆಯೇ, "ಮಗು ಅಳುತ್ತ ಬೆರಳು ತೋರಿಸೋ ಕಡೆ ತಾಯಿ ಇಲ್ಲದಿದ್ರೆ ತಂದೆ ಇರ್ತಾನೆ ಅಂತಾರೆ. ನಿನ್ನ ಮೊಮ್ಮಗಳು ಬೆರಳು ತೋರಿಸ್ತಾ ಇರೋದು ನಿನ್ನ ಕಡೆಗೆ," ಎಂದಳು.

ಹೆಸರಿಡುವ ಹಿಂದಿನ ದಿನ ಊಟ ಮುಗಿದ ಮೇಲೆ ಒಬಿದಿಯಾ ನನ್ನ ಹತ್ತಿರ ಬಂದು, "ತಂಗಿ, ಒರಳು ಕುಟ್ಟೋಕೆ ನಿನ್ನ ರಟ್ಟೇಲಿ ಬಲ ಇದೆಯಾ?" ಎಂದು ಕೇಳಿದಳು. ಮುಖ ತೊಳೆದುಕೊಂಡು, ಒಳ್ಳೆಯ ಬಟ್ಟೆ ಸುತ್ತಿಕೊಂಡಿದ್ದಳು. ಮಗಳನ್ನು ಗಂಡನ ಮನೆಗೆ ಕಳಿಸುವ ದಿನ ತಾಯಂದಿರು ಉಡುವಂಥ ಬಟ್ಟೆ. ನಾನು ಮರದ ಕೆಳಗಿನಿಂದ ಒರಳನ್ನು ಉರುಳಿಸಿಕೊಂಡು ಬಂದು ಕೋಣೆಯ ಮುಂದಿಟ್ಟೆ. ಮಗನನ್ನು ಹೊಲಕ್ಕೆ ಕಳಿಸಿದೆ, ಮರಗಳ ಮೇಲೆ ಯಾರಾದರೂ ಇದ್ದಾರೆಯೇ ಎಂದು ನೋಡಿದೆ. ಬಾಗಿಲು ಹಾಕಿಕೊಂಡಿತು. ಒನಕೆ ಎತ್ತಿದೆ. ಒಬ್ಬ ಹೆಂಗಸಿನ ಬದುಕು, ಅದೂ ಚಿಕ್ಕ ವಯಸ್ಸಿಗೆ ಹೋದವಳದ್ದು, ಇಷ್ಟು ಹೊತ್ತು ಹಿಡಿಯುತ್ತದೆಂದು ನಾನು ಎಣಿಸಿರಲಿಲ್ಲ. ಬಿಸಿಲು ಅಂಗಳ ದಾಟಿ ಗೋಡೆ ಹತ್ತಿತು. ಅಂಗೈಯಲ್ಲಿ ಬೊಕ್ಕೆ ಎದ್ದವು. ಒಳಗಿನಿಂದ ಒಮ್ಮೆ ಇಬ್ಬರೂ ನಕ್ಕ ಹಾಗಾಯಿತು. ನಾನು ಇನ್ನೂ ಜೋರಾಗಿ ಕುಟ್ಟಿದೆ.

ಬಾಗಿಲು ತೆರೆದು ಮೊದಲು ಹೊರಗೆ ಬಂದವಳು ಒಬಿದಿಯಾ. ಬೆನ್ನು ಸ್ವಲ್ಪ ನೆಟ್ಟಗಾದಂತಿತ್ತು. "ಹಸಿವಾಗ್ತಿದೆ ತಂಗಿ," ಎಂದು ಕೂತಳು. ಹೊಟ್ಟೆ ತುಂಬ ಉಂಡಳು. ಉಂಡು ಕೈ ತೊಳೆದ ಮೇಲೆ ಬಾಣಂತಿಯ ಕೋಣೆಯ ಕಡೆ ನೋಡಿ, "ಈ ಹುಡುಗೀನ ನಾನೇ ಸಾಕಿದ್ದು. ಸಾಕೋಕೆ ಯಾರು ಕೊಟ್ಟರು ಅನ್ನೋದು ಮಾತ್ರ ನೆನಪಿಗೆ ಬರ್ತಾ ಇಲ್ಲ ನೋಡು, ವಯಸ್ಸಾಯ್ತು," ಎಂದಳು.

"ಎರಿನ್ಮಾ ಅಂತ ಒಬ್ಬಳು, ನಿಮ್ಮ ಮಗಳು," ಎಂದೆ. ಹೇಳಿ ನೋಡೋಣ ಅನ್ನಿಸಿತು.

"ಹೌದಾ," ಎಂದಳು. ಹತ್ತಿರದ ಊರಲ್ಲಿ ಯಾರದೋ ಹಸು ಕಳೆದದ್ದನ್ನು ಕೇಳಿದವಳ ಹಾಗೆ ಸ್ವಲ್ಪ ಹೊತ್ತು ಮರುಕದಿಂದ ತಲೆಯಾಡಿಸಿ, ಪಾತ್ರೆ ತೊಳೆಯಲು ಹೋದಳು.

ಒಳಗೆ ಉಗೊಯೆ ಮಗುವಿಗೆ ಹಾಲು ಕೊಡುತ್ತಿದ್ದಳು. ಕಣ್ಣು ಅತ್ತು ಊದಿತ್ತು, ಮುಖ ಮಾತ್ರ ನಗುತ್ತಿತ್ತು. ನನ್ನ ಸೊಸೆಯನ್ನು ನಾನು ಹಾಗೆ ಕಂಡದ್ದು ಅದೇ ಮೊದಲು. ಒಂದೆರಡು ಚೂರು ಹೇಳಿದರೆ ಕಥೆ ದಾಟುವುದಿಲ್ಲ, ಹಾಗಾಗಿ ಚೂರು ಚೂರಾಗಿ ಹೇಳಿದಳು. "ಅಮ್ಮ ಸುಳ್ಳುಬುರುಕಿ ಅತ್ತೆ. ಬಾಯಿ ಬಿಟ್ಟರೆ ಸುಳ್ಳು. ಮದುವೆಯಾದ ಹೊಸದರಲ್ಲಿ ಗಂಡನ ಮನೇಲಿ ಅಜ್ಜಿಗೆ ಹುಷಾರಿಲ್ಲ ಅಂತ ಹೇಳಿ ಹೇಳಿ ಓಡಿ ಬರ್ತಿದ್ದಳಂತೆ. ಬಂದು ನೋಡಿದರೆ ಅಜ್ಜಿ ಹೊಲದಲ್ಲಿ ಗುದ್ದಲಿ ಹಿಡಿದು ನಿಂತಿರೋಳು. ಕೊನೆಗೆ ಗಂಡನ ಮನೆಯವರು ಅಜ್ಜಿ ಬದುಕಿರೋ ಸಂತೋಷಕ್ಕೆ ಒಂದು ಆಡು ಕಳಿಸಿದರಂತೆ." ನಾವಿಬ್ಬರೂ ನಕ್ಕೆವು. ಪಾತ್ರೆ ತೊಳೆಯುತ್ತಿದ್ದ ಒಬಿದಿಯಾ ಹೊರಗಿನಿಂದಲೇ, ಏನದು ತಮಾಷೆ, ನನಗೂ ಹೇಳಿ ಎಂದಳು. ಉಗೊಯೆಯ ನಗು ಅಲ್ಲಿಗೆ ನಿಂತಿತು.

ಮಾರನೆಯ ದಿನ ಹೆಸರಿಡುವುದಕ್ಕೆ ಜನ ಸೇರಿದರು. ಗಂಡಸರು ಕೋಲಾ ಕಾಯಿ ಒಡೆದು, ಹಿರಿಯರನ್ನು ಕರೆದು, ಅವರ ಮಾತು ಮುಗಿಸಿದರು. ಆಮೇಲೆ ಹೆಂಗಸರ ಸರದಿ. ಬಿಳಿ ಪುಡಿಯ ಬಟ್ಟಲು ಬಂತು. ಆ ಪುಡಿಯನ್ನು ಮೊದಲು ಬಾಣಂತಿಯ ಕೊರಳಿಗೆ ಹಚ್ಚಬೇಕಾದವಳು ಅವಳ ತವರಿನ ತಾಯಿ. ಆಮೇಲೆ ಉಳಿದವರೆಲ್ಲ ಒಬ್ಬರಿಗೊಬ್ಬರು ಹಚ್ಚಿ ಕುಣಿಯುತ್ತಾರೆ. "ಎರಿನ್ಮಾಳ ತಾಯಿ, ಬಾ," ಎಂದು ಯಾರೋ ಕರೆದರು. ಒಬಿದಿಯಾ ತಿರುಗಲಿಲ್ಲ. ಮತ್ತೆ ಕರೆದರು. ಅವಳು, ಕರೆಸಿಕೊಂಡವಳು ಎಲ್ಲಿದ್ದಾಳೆ ಎಂಬ ಹಾಗೆ ಸುತ್ತ ನೋಡಿದಳು. ನಾನು ಬಟ್ಟಲನ್ನು ಅವಳ ಕೈಗೆ ಕೊಡಲು ಹೋದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಬೇಡ ತಂಗಿ. ನಾನು ಹೆರದವಳು. ಮೊದಲ ಕೈ ಹೆತ್ತವಳದ್ದಾಗಲಿ," ಎಂದು ಹೇಳಿ, ಚಾಪೆಯ ಅಂಚಿಗೆ ಹೋಗಿ ಕೂತಳು. ಮಕ್ಕಳಾಗದ ಹೆಂಗಸರು ಯಾರೂ ಹೇಳದಿದ್ದರೂ ತಾವಾಗಿಯೇ ಹೋಗಿ ಕೂರುವ ಜಾಗ ಅದು. ಅವಳ ದನಿಯಲ್ಲಿ ದುಃಖವೇ ಇರಲಿಲ್ಲ. ಜೀವಮಾನವೆಲ್ಲ ಅಲ್ಲೇ ಕೂತು ಅಭ್ಯಾಸವಾದವಳ ಹಾಗೆ, ಪಕ್ಕದವಳಿಗೆ ಸ್ವಲ್ಪ ಸರಿಯಲು ಹೇಳಿ, ಕಾಲು ಮಡಿಸಿಕೊಂಡಳು. ಮಗಳನ್ನು ಮರೆಯುತ್ತಾಳೆಂದು ನಮಗೆಲ್ಲ ಗೊತ್ತಿತ್ತು. ಮಗಳಿಲ್ಲದ ಒಂದು ಇಡೀ ಬದುಕು ಆ ಜಾಗಕ್ಕೆ ಬಂದು ಕೂರುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ನಾನು ಸುಲಭಕ್ಕೆ ಕರಗುವವಳಲ್ಲ. ಆದರೂ ಬಟ್ಟಲು ಹಿಡಿದು ಅಲ್ಲೇ ನಿಂತುಬಿಟ್ಟೆ.

ಪುಡಿಯನ್ನು ನಾನೇ ಹಚ್ಚಿದೆ. ಹಾಡು ಶುರುವಾಯಿತು. ಉಗೊಯೆ ಮಗುವಿಗೆ ನ್ನೆದಿ ಎಂದು ಹೆಸರಿಟ್ಟಳು. ತಾಯಿ ಇದ್ದಾಳೆ ಎಂದು ಅದರ ಅರ್ಥ. ಎಲ್ಲರೂ ಒಳ್ಳೆಯ ಹೆಸರು ಅಂದರು. ಉಗೊಯೆ ಮಾತ್ರ ಯಾರ ಮಾತನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಹಾಡು, ಊಟ, ಗದ್ದಲ ಮುಗಿಯುವವರೆಗೂ ಅವಳ ಕಣ್ಣು ಚಾಪೆಯ ಅಂಚಿನಲ್ಲೇ ಇತ್ತು.

ಬಂದವರು ಹೊರಡುತ್ತಿದ್ದಾಗ ನನ್ನನ್ನು ಒಳಗೆ ಕರೆದಳು. "ಅತ್ತೆ, ಒರಳು ಕುಟ್ಟಿ."

ನನಗೆ ಕೂಡಲೇ ಅರ್ಥವಾಯಿತು. "ಬುದ್ಧಿ ನೆಟ್ಟಗಿದೆಯಾ ನಿನಗೆ," ಎಂದೆ. "ನಿನ್ನೆ ಸಿಕ್ಕಿದೆ. ಹುಟ್ಟಿದಾಗಿಂದ ಕಾದಿದ್ದೆ ಅಂದೆ. ಒಂದು ರಾತ್ರಿಗೇ ಸಾಕಾಯ್ತಾ?"

"ಸಾಕಾಗಿಲ್ಲ."

"ವಾಪಸ್ ಕೊಟ್ಟರೆ ನೀನು ಕೊಟ್ಟೆ ಅನ್ನೋದೂ ನಿನಗೆ ಉಳಿಯಲ್ಲ. ಅಜ್ಜಿ ಕೊಡಲೇ ಇಲ್ಲ ಅಂದ್ಕೊಂಡು ಇರ್ತೀಯ."

"ಗೊತ್ತು." ಅವಳು ಮಗುವನ್ನು ನನ್ನ ತೋಳಿಗೆ ಹಾಕಿದಳು. "ಅಮ್ಮ ನನ್ನನ್ನ ಹೆರೋವಾಗ ಅವಳೂ ಅಮ್ಮಾ ಅಂತಾನೇ ಕೂಗಿದ್ದು ಅತ್ತೆ. ಕೊನೇ ಉಸಿರಿನವರೆಗೂ ಅದೊಂದೇ ಮಾತು. ಯಾರನ್ನ ಕರೆದಳು ಅಂತ ಈಗ ನನಗೆ ಗೊತ್ತು. ಹಾಗೆ ಕರೆಸಿಕೊಂಡವಳು ಹೋಗಿ ಆ ಚಾಪೆ ಅಂಚಲ್ಲಿ ಕೂತಿದಾಳೆ. ಅದನ್ನ ನೋಡ್ಕೊಂಡು ನಾನು ಹೇಗಿರಲಿ?"

ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಒರಳಿನ ಹತ್ತಿರ ಹೋದೆ. ಉಗೊಯೆ ಬಾಗಿಲಲ್ಲಿ ನಿಂತು, ಅಜ್ಜಿ, ಇಲ್ಲಿ ಬಾ, ನಿನಗೊಂದು ಕಥೆ ಹೇಳ್ತೀನಿ ಎಂದು ಕರೆದಳು. ಮುದುಕಿಗೆ ಕಥೆಯೆಂದರೆ ಮೊದಲಿನಿಂದಲೂ ಆಸೆ. ಖುಷಿಯಾಗಿಯೇ ಒಳಗೆ ಹೋದಳು. ನಿನ್ನೆಯ ಬೊಕ್ಕೆಗಳು ಒಡೆದು ಒನಕೆಗೆ ರಕ್ತ ಅಂಟಿತು. ಬೆನ್ನ ಮೇಲೆ ನ್ನೆದಿ ಆ ಸದ್ದಿಗೇ ನಿದ್ದೆಹೋದಳು.

ಈ ಸಲ ಬಾಗಿಲು ತೆರೆದಾಗ ಒಬಿದಿಯಾಳಿಗೆ ಹೊಸ್ತಿಲು ದಾಟಲು ಆಗಲಿಲ್ಲ. ಅಲ್ಲೇ ಕುಸಿದು ಕೂತು ಎದೆ ಬಡಿದುಕೊಂಡು ಅತ್ತಳು. ಮಗಳು ಆಗ ತಾನೇ ಸತ್ತಳೋ ಅನ್ನುವ ಹಾಗೆ. ನೆರೆಯವರು ಬೇಲಿಯ ಹತ್ತಿರ ಬಂದು ಇಣುಕಿದರು. ಹೆಸರಿಟ್ಟ ಮನೆಯಲ್ಲಿ ಅಳುವೇನು ಎಂದು ಕೇಳಿದವಳಿಗೆ, ಮೆಣಸಿನ ಹೊಗೆ ಎಂದು ಹೇಳಿ ಕಳಿಸಿದೆ. ಒಬಿದಿಯಾ ನನ್ನ ಕೈ ಹಿಡಿದುಕೊಂಡು, "ಇವಳೇ ಕೊಟ್ಟಳು ತಂಗಿ. ಹಾಗಾದ್ರೆ ನಾನು ಇವಳಿಗೆ ಕೊಟ್ಟಿದ್ದೆ. ಅರ್ಧದಲ್ಲಿ ಗೊತ್ತಾಯ್ತು. ನಿಲ್ಲಿಸು ಅನ್ನಬೇಕು ಅಂದ್ಕೊಂಡೆ, ಬಾಯಿ ಬರಲಿಲ್ಲ. ನನ್ನ ಮಗು ಬರ್ತಾ ಇತ್ತು, ಹೇಗೆ ನಿಲ್ಲಿಸಲಿ," ಎಂದಳು.

ಒಳಗೆ ಉಗೊಯೆ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಕಂಡು ಮಗುವಿಗೆ ಕೈ ಚಾಚಿದಳು. "ಕಣ್ಣು ಯಾಕೋ ಉರೀತಿದೆ ಅತ್ತೆ," ಎಂದಳು. ಆಮೇಲೆ ದನಿ ತಗ್ಗಿಸಿ, "ಹೆಸರೂ ಇಟ್ಟಾಯ್ತು. ಅಜ್ಜಿ ಕಥೆ ಹೇಳಲೇ ಇಲ್ಲವಲ್ಲ. ಇನ್ನಾದರೂ ಹೇಳ್ತಾಳಾ?" ಎಂದು ಕೇಳಿದಳು. ನಾನು ಮಗುವನ್ನು ಅವಳ ಮಡಿಲಿಗಿಟ್ಟು, ನೀರು ತರುವ ನೆವದಲ್ಲಿ ಹೊರಗೆ ಬಂದೆ.

ಆಮೇಲಿನ ದಿನಗಳಲ್ಲಿ ನಾನು ಒಬಿದಿಯಾಳನ್ನು ಅಡುಗೆಮನೆಯಲ್ಲಿ ಒಂಟಿಯಾಗಿ ಹಿಡಿದು ಮಾತಾಡಿದೆ. "ಅಕ್ಕಾ, ನಡೆದದ್ದನ್ನ ಅವಳಿಗೆ ಹೇಳಿಬಿಡೋಣ. ನಿಮ್ಮ ಮೇಲೆ ಹಲ್ಲು ಕಡೀತಾ ಇದಾಳೆ."

"ಬೇಡ. ಸಿಕ್ಕಿತ್ತು, ಹೋಯ್ತು ಅಂತ ಗೊತ್ತಾದ್ರೆ ಎರಡು ಸಲ ಕಳಕೊಂಡ ಹಾಗೆ. ಈಗ ನನ್ನನ್ನ ಬಯ್ಕೊಂಡಾದ್ರೂ ಇರ್ತಾಳೆ."

"ಹಾಗಾದ್ರೆ ಇನ್ನೊಂದು ಸಲ ಕೊಡಿ."

"ಕೊಟ್ಟರೆ ಇವಳು ಮತ್ತೆ ತಂದು ನನ್ನ ಮಡಿಲಿಗೇ ಹಾಕ್ತಾಳೆ. ನಿನ್ನ ರಟ್ಟೆ ಬಿದ್ದು ಹೋದೀತು." ಅವಳು ಒಲೆಯ ಕೊಳ್ಳಿಯನ್ನು ಒಳಗೆ ತಳ್ಳಿದಳು. "ಸಾಯೋಕೆ ಮುಂಚೆ ಕೊಡ್ತೀನಿ. ಉಸಿರು ನಿಲ್ಲೋ ಹೊತ್ತಿಗೆ ಕರೆಸ್ಕೊಂಡು ಹೇಳ್ತೀನಿ. ಆಗ ವಾಪಸ್ ಕೊಡೋಕೆ ನಾನಿರಲ್ಲ."

"ಮಾತು ಮುಗಿಯೋ ಮುಂಚೆ ಉಸಿರು ನಿಂತರೆ?"

"ಅದೇ ಭಯ ನನಗೂ," ಎಂದಳು. ಆವತ್ತು ಮೊದಲ ಸಲ ಅವಳು ಸಾರಿಗೆ ಉಪ್ಪು ಹಾಕಲು ನನ್ನನ್ನು ಕರೆದಳು.

ಒಮುಗ್ವೊ ಮುಗಿದು ಅವಳು ಹೊರಡುವ ದಿನ ಬಂತು. ನನ್ನ ಮಗ ಕ್ರಮದಂತೆ ಬಟ್ಟೆ, ಉಪ್ಪು, ಸೋಪು, ಒಂದು ಹುಂಜ ಎಲ್ಲವನ್ನೂ ತಂದು ಹೆಡಿಗೆಗೆ ಇಟ್ಟ. ಓಣಿಯ ಹೆಂಗಸರು ಬಂದು ಹಾಡಿ ಹೋದರು. ಉಗೊಯೆ ಮಗುವನ್ನು ಎತ್ತಿಕೊಂಡು ಬಾಗಿಲವರೆಗೆ ಬಂದಳು, ಅದಕ್ಕಿಂತ ಮುಂದೆ ಬರಲಿಲ್ಲ. ಅಜ್ಜಿಯನ್ನು ಕಳಿಸಿಕೊಡಲು ಊರ ಗಡಿಯವರೆಗೆ ಹೋಗುವುದು ಪದ್ಧತಿ. ಬಾಗಿಲಲ್ಲಿ ನಿಲ್ಲುವುದೆಂದರೆ ಸಿಟ್ಟು ಎಂದೇ ಅರ್ಥ.

"ಕೊಡ್ತೀನಿ ಮಗಳೆ. ಸಾಯೋ ಮುಂಚೆ ಖಂಡಿತ ಕೊಡ್ತೀನಿ. ಹೇಳಿ ಕಳಿಸಿದ ತಕ್ಷಣ ಓಡಿ ಬಾ," ಎಂದಳು ಒಬಿದಿಯಾ.

"ಸಾಯೋವರೆಗೆ ನಿನಗೇ ಬೇಕು ಅನ್ನು," ಎಂದಳು ಉಗೊಯೆ.

"ನನಗೇ ಬೇಕು. ಏನು ಮಾಡಲಿ, ಹೊಟ್ಟೇಲಿ ಹುಟ್ಟಿದ್ದು."

ಉಗೊಯೆಯ ಕಣ್ಣು ತುಂಬಿತು. ಅಳಬಾರದೆಂದು ಮಗುವಿನ ಬಟ್ಟೆ ಸರಿಮಾಡಿದಳು. ಆಮೇಲೆ ಅಜ್ಜಿಯ ಮುಖವನ್ನು ನೇರವಾಗಿ ನೋಡಿ ಹೇಳಿದಳು. "ನಿನ್ನನ್ನ ಬಯ್ಯಲ್ಲ ಅಜ್ಜಿ. ನಾನಾಗಿದ್ದರೂ ಹಾಗೇ ಮಾಡ್ತಿದ್ದೆ. ನನ್ನ ಕೈಗೆ ಅಮ್ಮ ಒಂದು ಸಲ ಸಿಕ್ಕಿದ್ದರೆ, ಪ್ರಾಣ ಹೋದರೂ ಯಾರಿಗೂ ಬಿಟ್ಟುಕೊಡ್ತಿರಲಿಲ್ಲ. ನಿನಗೂ ಕೂಡ."

ನಾನು ಬಾಯಿ ತೆರೆದೆ. ಒಬಿದಿಯಾ ನನ್ನ ಕಡೆ ನೋಡಿದಳು, ಮುಚ್ಚಿದೆ. ಅವಳು ಮೊಮ್ಮಗಳ ಕೆನ್ನೆಯನ್ನು ಸವರಿದಳು, ಎಷ್ಟೋ ಹೊತ್ತು ಸವರುತ್ತಲೇ ಇದ್ದಳು.

"ನನಗೆ ಗೊತ್ತಿಲ್ಲವಾ ನಿನ್ನ ಬುದ್ಧಿ," ಎಂದಳು.

ನಾನು ಹೆಡಿಗೆಯನ್ನು ಎತ್ತಿ ಅವಳ ತಲೆಯ ಮೇಲಿಟ್ಟೆ.